ಖಾಲಿ ಕಂಪ್ಯೂಟರಿನ ಅಪಾತ್ರ ದಾನ

ಮನೆಯ ಕಂಪ್ಯೂಟರು ದಿನದ ಮುಕ್ಕಾಲು ಪಾಲು ಸುಮ್ಮನೆ ಕೂತಿರುತ್ತದೆ, ಅದರ ಬಿಡುವಿನ ಶಕ್ತಿಯನ್ನು ವಿಜ್ಞಾನಕ್ಕೆ ಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ ಎಂಬ ಮಾತು ಇಪ್ಪತ್ತೈದು ವರ್ಷಗಳಿಂದ ಚಾಲ್ತಿಯಲ್ಲಿದೆ. ಬೋಯಿಂಕ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅದರ ಪಟ್ಟಿಯಲ್ಲಿರುವ ಹತ್ತಾರು ಯೋಜನೆಗಳಲ್ಲಿ ಒಂದಕ್ಕೆ ಹೆಸರು ಕೊಟ್ಟರಾಯಿತು. ಎಲ್ಲಿಂದಲೋ ಒಂದು ತುಂಡು ಲೆಕ್ಕ ಬಂದು ಇಳಿಯುತ್ತದೆ, ನಾವು ನಿದ್ದೆಯಲ್ಲಿರುವಾಗ ಯಂತ್ರ ಅದನ್ನು ಬಿಡಿಸಿ ವಾಪಸು ಕಳಿಸುತ್ತದೆ. ಇಷ್ಟೊಂದು ಯೋಜನೆಗಳಲ್ಲಿ ಯಾವುದಕ್ಕೆ ಕೊಡಬೇಕು ಎಂದು ಕೇಳಿದವರಿಗೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಮನಸ್ಸಿಗೆ ಹತ್ತಿರವಾದದ್ದನ್ನು ಆರಿಸಿ. ತೋಚದಿದ್ದರೆ ಕ್ಯಾನ್ಸರೋ ಕ್ಷಯವೋ ಯಾವುದಾದರೊಂದು ರೋಗಕ್ಕೆ ಮದ್ದು ಹುಡುಕುವುದನ್ನು ಆರಿಸಿ. ಯಾವುದಕ್ಕೆ ಕೊಟ್ಟರೂ ಪುಣ್ಯವೇ. ಈ ಸಲಹೆಯ ಬೆನ್ನಿಗೆ ಎರಡು ನಂಬಿಕೆಗಳಿವೆ. ಕೊಡುವುದಕ್ಕೆ ಖರ್ಚಿಲ್ಲ ಎಂಬುದು ಒಂದು, ಉದ್ದೇಶ ಒಳ್ಳೆಯದಾದರೆ ದಾನವೂ ಸಾರ್ಥಕ ಎಂಬುದು ಇನ್ನೊಂದು. ಮುಂಬೈಯಲ್ಲಿ ಕೂತು ಲೆಕ್ಕ ಹಾಕಿದರೆ ಎರಡೂ ನಿಲ್ಲುವುದಿಲ್ಲ. ದಾನ ಬಂದ ಆಕಳ ಹಲ್ಲು ಎಣಿಸಬಾರದೆಂಬ ಗಾದೆ ತೆಗೆದುಕೊಳ್ಳುವವನಿಗೆ ಹೇಳಿದ್ದು. ಕೊಡುವವನಿಗೆ ಆ ರಿಯಾಯಿತಿ ಇಲ್ಲ.

ಖರ್ಚಿಲ್ಲ ಎಂಬ ನಂಬಿಕೆ ಬೇರೂರಿದ್ದು 1999ರ ಮೇ ತಿಂಗಳಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಅನ್ಯಲೋಕದ ಜೀವಿಗಳ ಸಂಕೇತ ಹುಡುಕುವ ‘ಸೆಟಿ ಅಟ್ ಹೋಮ್’ ಆರಂಭಿಸಿದ ಕಾಲಕ್ಕೆ. ಆಗಿನ ಮೇಜಿನ ಕಂಪ್ಯೂಟರುಗಳು ಕೆಲಸ ಮಾಡಿದರೂ ಮಾಡದಿದ್ದರೂ ಎಳೆಯುತ್ತಿದ್ದ ವಿದ್ಯುತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಪರದೆಯ ಮೇಲೆ ಬಣ್ಣದ ಗೆರೆಗಳು ಕುಣಿಯುವ ಬದಲು ಹಿಂದೆ ಒಂದು ಲೆಕ್ಕ ನಡೆದರೆ ನಷ್ಟವೇನೂ ಆಗುತ್ತಿರಲಿಲ್ಲ. ಈಗಿನ ಪ್ರೊಸೆಸರುಗಳ ಸ್ವಭಾವವೇ ಬೇರೆ. ಕೆಲಸವಿಲ್ಲವೆಂದರೆ ಅವು ಕ್ಷಣಾರ್ಧದಲ್ಲಿ ಅರೆನಿದ್ದೆಗೆ ಜಾರುತ್ತವೆ; ಕೆಲಸ ಕೊಟ್ಟರೆ ಎಚ್ಚೆತ್ತು ಹಲವು ಪಟ್ಟು ವಿದ್ಯುತ್ತು ಕುಡಿಯುತ್ತವೆ. ಬಿಡುವಿನ ಶಕ್ತಿ ಎಂದು ನಾವು ಕರೆಯುವುದು ಎಲ್ಲೋ ಚೆಲ್ಲಿಹೋಗುತ್ತಿರುವ ವಸ್ತುವಲ್ಲ; ನಾವು ಹೂಂ ಎಂದ ಮೇಲೆ ಮೀಟರಿನಲ್ಲಿ ಹೊಸದಾಗಿ ಹುಟ್ಟುವ ಖರ್ಚು. ಈ ಕೆಲಸಕ್ಕೆಂದೇ ಹಗಲೂ ರಾತ್ರಿ 100 ವ್ಯಾಟ್ ತಿನ್ನುವ ಒಂದು ಸಾಧಾರಣ ಡೆಸ್ಕ್‌ಟಾಪನ್ನು ತೆಗೆದುಕೊಳ್ಳಿ. ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72, ವರ್ಷಕ್ಕೆ 876. ಬೆಸ್ಟ್ ಆಗಲಿ ಅದಾನಿಯಾಗಲಿ ಟಾಟಾ ಆಗಲಿ, ಮುಲುಂಡ್ ಭಾಂಡುಪ್ ಕಡೆಯ ಮಹಾವಿತರಣ ಆಗಲಿ, ಮುಂಬೈಯ ಬಿಲ್ಲು 100, 300, 500 ಯೂನಿಟ್ಟುಗಳ ಮೆಟ್ಟಿಲು ಹತ್ತುತ್ತ ದುಬಾರಿಯಾಗುತ್ತದೆ. ಈ 72 ಯೂನಿಟ್ ಮನೆಬಳಕೆಯ ಮೇಲೆ ಕೂರುವುದರಿಂದ ಅದರ ದರ ಯಾವಾಗಲೂ ನಾವು ಮುಟ್ಟಿದ ಅತಿ ಮೇಲಿನ ಮೆಟ್ಟಿಲಿನದು. ಲೆಕ್ಕದ ಅನುಕೂಲಕ್ಕೆ ಯೂನಿಟ್ಟಿಗೆ 10 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 720, ವರ್ಷಕ್ಕೆ 8,760 ರೂಪಾಯಿ.

ಇದು ಬರೀ ಯಂತ್ರ ತಿಂದದ್ದು. ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೆ ಬರಬೇಕು. ಜರ್ಮನಿಯಲ್ಲೋ ಕೆನಡಾದಲ್ಲೋ ಕೂತ ದಾನಿ, ‘ಚಳಿಗಾಲದಲ್ಲಿ ಓಡಿಸಿ, ಹೀಟರಿನ ಖರ್ಚು ಉಳಿಯುತ್ತದೆ’ ಎಂದರೆ ಅವನ ಮಟ್ಟಿಗೆ ಅದು ನಿಜ. ಹತ್ತಡಿ ಹತ್ತಡಿಯ ಕೋಣೆಯಲ್ಲಿ, ಅಕ್ಟೋಬರಿನ ಬೇಗೆಯಲ್ಲಿ, ಏಪ್ರಿಲ್ ಮೇ ತಿಂಗಳ ಜಿಗುಟು ಬೆವರಿನಲ್ಲಿ ಬದುಕುವ ಕುರ್ಲಾದವರಿಗೂ ಡೊಂಬಿವಲಿಯವರಿಗೂ ಅದೇ ಸಲಹೆಯನ್ನು ಹಾಗೇ ದಾಟಿಸುವುದು ತಮಾಷೆಯಾಗುತ್ತದೆ. ಎ.ಸಿ. ಇದ್ದ ಮನೆಯಲ್ಲಿ ಆ 100 ವ್ಯಾಟ್ ಬಿಸಿಯನ್ನು ಹೊರದಬ್ಬಲು ಇನ್ನೂ ಸುಮಾರು 30 ವ್ಯಾಟ್ ಬೇಕು. ಇಲ್ಲದ ಮನೆಯಲ್ಲಿ ಅದನ್ನು ಮೈಯೇ ತಡೆದುಕೊಳ್ಳಬೇಕು. ವಿದ್ಯುತ್ತು ಬರುವುದಾದರೂ ಎಲ್ಲಿಂದ? ಖೋಪೋಲಿ, ಭಿರಾಗಳ ಜಲವಿದ್ಯುತ್ತು ನಗರದ ಹಳೆಯ ಹೆಮ್ಮೆ ನಿಜ. ಆದರೆ ಟ್ರಾಂಬೆ, ಡಹಾಣುಗಳಲ್ಲಿ ಉರಿಯುವ ಕಲ್ಲಿದ್ದಲಿಲ್ಲದೆ ಈ ನಗರದ ದೀಪ ಉರಿದಿಲ್ಲ. ದೇಶದ ಗ್ರಿಡ್ಡಿನ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈ ಆಕ್ಸೈಡ್; ನಮ್ಮ ಪುಕ್ಕಟೆ ದಾನಕ್ಕೆ ವರ್ಷಕ್ಕೆ 600 ಕಿಲೋಗೂ ಹೆಚ್ಚು. ಆ ಹೊಗೆ ಮೊದಲು ಇಳಿಯುವುದು ದಾನಿಯ ಮನೆಯ ಮೇಲಲ್ಲ, ಚಿಮಣಿಯ ನೆರೆಯಲ್ಲಿ ಬದುಕುವವರ ಮೇಲೆ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಖಾಲಿ ಯಂತ್ರವನ್ನು ಯಾರಿಗೆ ಕೊಡಲಿ ಎಂಬುದು ಹೋಗಿ, ವರ್ಷಕ್ಕೆ ಎಂಟೊಂಬತ್ತು ಸಾವಿರ ರೂಪಾಯಿಯನ್ನು ವಿದ್ಯುತ್ತಿನ ರೂಪದಲ್ಲೇ ಕೊಡುವುದಕ್ಕೆ ಯಾವ ಕೆಲಸ ಯೋಗ್ಯ ಎಂಬ ಪ್ರಶ್ನೆ ಬರುತ್ತದೆ. ನನ್ನ ಉತ್ತರ ಇಷ್ಟೇ: ಲೆಕ್ಕ ಮಾಡಲು ಯಂತ್ರಗಳು ಸಾಲದೇ ಇರುವುದೇ ಯಾವ ಕೆಲಸದ ನಿಜವಾದ ಅಡ್ಡಿಯೋ ಆ ಕೆಲಸಕ್ಕೆ ಮಾತ್ರ. ಬೇರೆ ಕಾರಣದಿಂದ ಕಟ್ಟಿಕೊಂಡ ಕೆಲಸಕ್ಕೆ ಎಷ್ಟು ಲೆಕ್ಕ ಸುರಿದರೂ ಕಟ್ಟು ಬಿಚ್ಚುವುದಿಲ್ಲ, ಆ ಕೆಲಸದ ಹೆಸರು ಎಷ್ಟೇ ಕರುಳು ಹಿಂಡುವಂಥದ್ದಾಗಿರಲಿ. ಮನಸ್ಸಿಗೆ ಹತ್ತಿರವಾದದ್ದನ್ನು ಆರಿಸಿ ಎನ್ನುವವರು ಈ ಒಂದು ವಿಚಾರಣೆಯನ್ನೇ ತಪ್ಪಿಸಿಕೊಂಡು ಹೋಗುತ್ತಾರೆ.

ಕ್ಷಯದ ಉದಾಹರಣೆಯನ್ನೇ ನೋಡೋಣ, ಏಕೆಂದರೆ ಮುಂಬೈಯವರ ಮನಸ್ಸು ಅತ್ತ ಹೋಗುವುದು ಸಹಜ. ಶಿವಡಿಯ ಕ್ಷಯರೋಗ ಆಸ್ಪತ್ರೆಯ ಹೆಸರು ಕೇಳದ ಮುಂಬೈಕರರಿಲ್ಲ. ಯಾವ ಮದ್ದಿಗೂ ಬಗ್ಗದ ಕ್ಷಯವೆಂದು 2012ರ ಆರಂಭದಲ್ಲಿ ಜಗತ್ತೆಲ್ಲ ಸುದ್ದಿಯಾದದ್ದು ಮಾಹಿಮ್‌ನ ಹಿಂದೂಜಾ ಆಸ್ಪತ್ರೆಯ ವೈದ್ಯರು ವರದಿ ಮಾಡಿದ ರೋಗಿಗಳು. ಇಂಥ ಯೋಜನೆಗಳನ್ನು ನಡೆಸುವ ‘ವರ್ಲ್ಡ್ ಕಮ್ಯುನಿಟಿ ಗ್ರಿಡ್’ 2016ರಲ್ಲಿ ಕ್ಷಯಾಣುವಿನ ಹೊರಕವಚವನ್ನು ಅಧ್ಯಯನ ಮಾಡುವ ಯೋಜನೆಗೆ ಕರೆ ಕೊಟ್ಟಾಗ ಅದಕ್ಕೆ ಓಗೊಡುವುದು ಧರ್ಮವೆಂದು ಯಾರಿಗೂ ಅನ್ನಿಸಬಹುದಿತ್ತು. ಆದರೆ ಕ್ಷಯದ ಚಿಕಿತ್ಸೆ ಎಲ್ಲಿ ಕಟ್ಟಿಕೊಂಡಿತ್ತು ಎಂಬುದನ್ನು ಗಮನಿಸಿ. ದಶಕಗಳ ನಂತರ ಬಂದ ಹೊಸ ಮದ್ದು ಬೆಡಾಕ್ವಿಲಿನ್. ಅದು ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ಮೇಲೇ ರಾಸಾಯನಿಕಗಳನ್ನು ಒಂದೊಂದಾಗಿ ಹಾಕಿ ನೋಡಿದ್ದರಿಂದ. ಅಮೆರಿಕದಲ್ಲಿ 2012ರ ಡಿಸೆಂಬರಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮದ್ದು ಇದ್ದೂ ಅಗ್ಗವಾಗಿ ಸಿಗದಂತೆ ತಡೆದು ನಿಂತದ್ದು ಪೇಟೆಂಟು. ಮೂಲ ಪೇಟೆಂಟಿನ ಅವಧಿ 2023ರ ಜುಲೈಯಲ್ಲಿ ಮುಗಿಯುವುದಿತ್ತು. ಅದೇ ಮದ್ದಿನ ಲವಣರೂಪಕ್ಕೆ ಇನ್ನೊಂದು ಪೇಟೆಂಟು ಪಡೆದು 2027ರವರೆಗೆ ಏಕಸ್ವಾಮ್ಯ ಉಳಿಸಿಕೊಳ್ಳಲು ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅರ್ಜಿ ಹಾಕಿತ್ತು. ಅದನ್ನು 2019ರಲ್ಲಿ ಪ್ರಶ್ನಿಸಿದವರು ಇಬ್ಬರು ಹೆಣ್ಣುಮಕ್ಕಳು, ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಇಬ್ಬರೂ ಕ್ಷಯದಿಂದ ಬದುಕಿ ಬಂದವರು, ಹಳೆಯ ಮದ್ದಿನ ಅಡ್ಡಪರಿಣಾಮದಿಂದ ಕಿವಿ ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ಮುಂಬೈಯ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಆ ಕಟ್ಟು ಬಿಚ್ಚಲು ಬೇಕಾದದ್ದು ವಕೀಲರು, ದಾಖಲೆಗಳು, ಛಲ. ಲಕ್ಷ ಕಂಪ್ಯೂಟರು ರಾತ್ರಿಯೆಲ್ಲ ಓಡಿದ್ದರೂ ಅದು ಬಿಚ್ಚುತ್ತಿರಲಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ ಮಂಗಳೂರಿನಿಂದ ಬಂದಿದೆ. ಅಲ್ಲಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2,800 ಕ್ಷಯರೋಗಿಗಳು, ಅವರ ಮನೆಯವರು ಹತ್ತು ಸಾವಿರಕ್ಕೂ ಹೆಚ್ಚು. ರೋಗಿಗಳಿಗೆಲ್ಲ ಆಹಾರ ಕೊಟ್ಟರು. ಅರ್ಧ ಮನೆಗಳಲ್ಲಿ ರೋಗಿಯ ಜೊತೆಗಿದ್ದವರಿಗೂ ಅಕ್ಕಿ, ತೊಗರಿಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು ಇಳಿಯಿತು, ಶ್ವಾಸಕೋಶದ, ಕಫ ಪರೀಕ್ಷೆಯಲ್ಲಿ ಖಚಿತವಾಗುವ ಕ್ಷಯ ಶೇ. 48ರಷ್ಟು ಇಳಿಯಿತು. ಅಕ್ಕಿ ಬೇಳೆಯಿಂದ. ಕೇಂದ್ರ ಸರ್ಕಾರ ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1,000 ಮಾಡಿತು. ಕ್ಷಯದ ಹೆಸರಿನಲ್ಲಿ ನಮ್ಮ ಡೆಸ್ಕ್‌ಟಾಪ್ ಸುಡುವ ತಿಂಗಳಿಗೆ 720 ರೂಪಾಯಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ರೋಗಿಗೆ ಆಹಾರದ ಬುಟ್ಟಿ ಕೊಡಿಸುವ ‘ನಿಕ್ಷಯ ಮಿತ್ರ’ ವ್ಯವಸ್ಥೆ 2022ರಿಂದ ಇದೆ, ಖಾಸಗಿ ವ್ಯಕ್ತಿಗಳೂ ಹೆಸರು ಕೊಡಬಹುದು. ಕ್ಷಯದ ಬಗ್ಗೆ ನಿಜಕ್ಕೂ ಸಂಕಟವಿದ್ದವರು ಮಾಡಬೇಕಾದ ಮೊದಲ ಕೆಲಸ ಕಂಪ್ಯೂಟರನ್ನು ಬಂದ್ ಮಾಡುವುದು.

ರೋಗದ ಯೋಜನೆಗಳೆಲ್ಲ ವ್ಯರ್ಥವೋ ಎಂದು ಕೇಳಬಹುದು. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಕೋವಿಡ್ ಕಾಲದಲ್ಲಿ ‘ಫೋಲ್ಡಿಂಗ್ ಅಟ್ ಹೋಮ್’ ಎಂಬ ಇಂಥದೇ ಯೋಜನೆಗೆ ಜನ ಮುಗಿಬಿದ್ದು ಸೇರಿದಾಗ ಅದರ ಒಟ್ಟು ಶಕ್ತಿ ಆಗಿನ ಯಾವ ಸೂಪರ್ ಕಂಪ್ಯೂಟರನ್ನೂ ಮೀರಿಸಿತ್ತು, ಅದರ ನೆರವಿನಿಂದ ನಡೆದ ‘ಕೋವಿಡ್ ಮೂನ್‌ಶಾಟ್’ ಮದ್ದಿನ ಅಣುಗಳ ವಿವರವನ್ನೆಲ್ಲ ಪೇಟೆಂಟಿಲ್ಲದೆ ಜಗತ್ತಿನ ಮುಂದಿಟ್ಟಿತು, 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಬಂಧವೂ ಬಂತು. ಆದರೆ ಆ ಯಶಸ್ಸಿಗೆ ಕಾರಣ ರೋಗದ ಹೆಸರಲ್ಲ. ಅಣುಗಳನ್ನು ತಯಾರಿಸಿ ಪರೀಕ್ಷಿಸುವ ಪ್ರಯೋಗಾಲಯಗಳು ಬಾಗಿಲಲ್ಲೇ ಕಾದಿದ್ದವು, ಮೊದಲು ಯಾವ ಅಣುವನ್ನು ತಯಾರಿಸಬೇಕು ಎಂಬ ಲೆಕ್ಕವೊಂದೇ ತುರ್ತಾಗಿ ಬೇಕಿತ್ತು. ಇದಕ್ಕೆ ಎದುರಾದ ಉದಾಹರಣೆಯೂ ಇದೆ. 2004ರಲ್ಲಿ ವರ್ಲ್ಡ್ ಕಮ್ಯುನಿಟಿ ಗ್ರಿಡ್ ಶುರುವಾದಾಗ ಅದರ ಮೊದಲ ಯೋಜನೆ ಮಾನವ ದೇಹದ ಪ್ರೊಟೀನುಗಳ ಮಡಿಕೆಯನ್ನು ಊಹಿಸುವುದು. 2021ರ ಜುಲೈಯಲ್ಲಿ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಆ ಪ್ರೊಟೀನುಗಳಲ್ಲಿ ಬಹುಪಾಲಿನ ಅಂದಾಜು ರಚನೆಯನ್ನು ಉಚಿತವಾಗಿ ಬಿಡುಗಡೆ ಮಾಡಿತು; ಮರುವರ್ಷ ಪಟ್ಟಿ 20 ಕೋಟಿ ಪ್ರೊಟೀನುಗಳಿಗೆ ಬೆಳೆಯಿತು. 2004ರ ದಾನಿ ಮೂರ್ಖನಾಗಿರಲಿಲ್ಲ, ಆಗ ಬೇರೆ ದಾರಿಯಿರಲಿಲ್ಲ. ಇವತ್ತು ಅದೇ ಬಗೆಯ ಲೆಕ್ಕಕ್ಕೆ ಯಂತ್ರ ಕೊಡುವವನು ಮಾತ್ರ, ಹದಿನೇಳು ವರ್ಷಗಳಲ್ಲಿ ವಿಧಾನವೇ ಬದಲಾಯಿತೆಂಬುದನ್ನು ವಿಚಾರಿಸದೆ ಕೊಡುತ್ತಿದ್ದಾನೆ. ಯೋಜನೆಯೊಂದು ಯೋಗ್ಯವೋ ಅಲ್ಲವೋ ಎಂಬ ಪ್ರಶ್ನೆಗೆ ವರ್ಷವರ್ಷಕ್ಕೂ ಹೊಸ ಉತ್ತರ ಬೇಕು.

ಹೆಚ್ಚು ಜನ ಸೇರಿದ ಯೋಜನೆಯೇ ಒಳ್ಳೆಯದು ಎಂಬ ಮಾತಿಗೂ ಇದೇ ಗತಿ. ಸೆಟಿ ಅಟ್ ಹೋಮ್‌ಗೆ ಸೇರಿದವರು ಐವತ್ತು ಲಕ್ಷಕ್ಕೂ ಹೆಚ್ಚು ಜನ. ಅರೆಸಿಬೋ ದೂರದರ್ಶಕದ ದಾಖಲೆಯಿಂದ ಕತ್ತರಿಸಿದ 107 ಸೆಕೆಂಡುಗಳ ಒಂದೊಂದು ತುಂಡು, ಮೂರ್ನಾಲ್ಕು ನೂರು ಕಿಲೋಬೈಟಿನ ಗಂಟು, ಮನೆಮನೆಗೆ ಹೋಗಿ ವಾಪಸಾಗುತ್ತಿತ್ತು. ಬಂದ ಸಂಕೇತಗಳು ಸುಮಾರು 1,200 ಕೋಟಿ. ಹೀಗೆ ಬಂದದ್ದನ್ನು ಸೋಸಿ ಜೊಳ್ಳು ತೂರುವ ಕೆಲಸಕ್ಕೆ ಬೇಕಾದದ್ದು ಯಂತ್ರಗಳಲ್ಲ, ಕೆಲವೇ ವಿಜ್ಞಾನಿಗಳು, ಅವರ ಸಂಬಳ, ಅವರ ಸಮಯ. ಅದು ವರ್ಷಗಟ್ಟಲೆ ಹಿಂದುಳಿಯಿತು. ಕೊನೆಗೆ 2020ರ ಮಾರ್ಚ್ 31ರಂದು ಹೊಸ ಲೆಕ್ಕ ಹಂಚುವುದನ್ನೇ ನಿಲ್ಲಿಸಿ ಅವರು ಹಿಂಬದಿಯ ವಿಶ್ಲೇಷಣೆಗೆ ಕೂತರು. ಅದೇ ವರ್ಷದ ಡಿಸೆಂಬರ್ 1ರಂದು ಅರೆಸಿಬೋ ದೂರದರ್ಶಕ ಕುಸಿದುಬಿತ್ತು. ಸೋಸಿ ಉಳಿದ ನೂರರಷ್ಟು ಅನುಮಾನಗಳನ್ನು ಮತ್ತೆ ನೋಡಲು ಚೀನಾದ ಫಾಸ್ಟ್ ದೂರದರ್ಶಕವನ್ನು ಆಶ್ರಯಿಸಬೇಕಾಯಿತು. ಅನ್ಯಲೋಕದ ಜೀವಿ ಸಿಗಲಿಲ್ಲವೆಂಬುದು ನನ್ನ ಆಕ್ಷೇಪವಲ್ಲ, ಸಿಗದಿರುವುದೂ ವಿಜ್ಞಾನವೇ. ಬಾಗಿಲಿಗೆ ಬಂದ ಭತ್ತವನ್ನು ಕುಟ್ಟಲು ಆಳಿಲ್ಲದ ಮನೆಗೆ ಇನ್ನೂ ಹತ್ತು ಗಾಡಿ ಭತ್ತ ಹೊಡೆದದ್ದಕ್ಕೆ ಪುಣ್ಯ ಎನ್ನಬೇಕೆ ಎಂಬುದು ಆಕ್ಷೇಪ. ಅಂಕಗಳಿಗಾಗಿ, ತಂಡಗಳ ಪಟ್ಟಿಯಲ್ಲಿ ಮೇಲೇರುವುದಕ್ಕಾಗಿ ಯಂತ್ರ ಓಡಿಸುವವರ ಬಗ್ಗೆ ಹೆಚ್ಚು ಹೇಳುವುದು ಬೇಡ. ಗೂಢಲಿಪಿಯ ಕೀಲಿಯೊಂದನ್ನು ಊಹಿಸಿ ಒಡೆಯುವ ಆರ್‌ಸಿ5 ಸ್ಪರ್ಧೆಗೆ 1997ರಿಂದ 2002ರವರೆಗೆ ಲಕ್ಷಾಂತರ ಜನ ದುಡಿದರು. ಮುಗಿದೊಡನೆ ಅದಕ್ಕಿಂತ ಉದ್ದದ ಕೀಲಿಗೆ ಕೈಹಾಕಿದರು. 2007ರಲ್ಲಿ ಸ್ಪರ್ಧೆ ಇಟ್ಟ ಕಂಪನಿಯೇ ಬಹುಮಾನ ಹಿಂತೆಗೆದುಕೊಂಡ ಮೇಲೂ ಯಂತ್ರಗಳು ತಿರುಗುತ್ತಲೇ ಇದ್ದವು.

ಹಾಗಾದರೆ ಯಾವುದು ಯೋಗ್ಯ? ನನ್ನ ಮಟ್ಟಿಗೆ ಮೊದಲ ಹೆಸರು 2005ರಲ್ಲಿ ಶುರುವಾದ ‘ಐನ್‌ಸ್ಟೈನ್ ಅಟ್ ಹೋಮ್’. ಕಪ್ಪು ಕುಳಿಗಳೆರಡು ಡಿಕ್ಕಿ ಹೊಡೆದಾಗ ಏಳುವ ಗುರುತ್ವ ಅಲೆಯನ್ನು 2015ರಲ್ಲಿ ಲೈಗೋ ಎಂಬ ಶೋಧಕ ಹಿಡಿದದ್ದಕ್ಕೆ ಮನೆಯ ಕಂಪ್ಯೂಟರುಗಳು ಬೇಕಿರಲಿಲ್ಲ. ಅದು ಕ್ಷಣಮಾತ್ರದ ಜೋರು ಸದ್ದು. ಐನ್‌ಸ್ಟೈನ್ ಅಟ್ ಹೋಮ್ ಹುಡುಕುವುದು ಬೇರೆಯದು: ಗರಗರ ತಿರುಗುವ ನ್ಯೂಟ್ರಾನ್ ನಕ್ಷತ್ರದ ಮೈಮೇಲೆ ತುಸು ಉಬ್ಬಿದ್ದರೂ ಅದರಿಂದ ನಿರಂತರವಾಗಿ ಹೊರಡುವ ಅತಿ ಕ್ಷೀಣ ಅಲೆ. ಅದನ್ನು ಹಿಡಿಯಲು ತಿಂಗಳುಗಟ್ಟಲೆಯ ದಾಖಲೆಯನ್ನು ಒಟ್ಟಿಗೆ ಪೋಣಿಸಬೇಕು. ಅಷ್ಟರಲ್ಲಿ ಭೂಮಿ ತನ್ನ ಸುತ್ತ, ಸೂರ್ಯನ ಸುತ್ತ ತಿರುಗಿರುತ್ತದೆ. ಆಕಾಶದ ಒಂದೊಂದು ದಿಕ್ಕಿಗೂ ಆ ಚಲನೆಯ ತಿದ್ದುಪಡಿ ಬೇರೆಬೇರೆ. ದಿಕ್ಕು, ಆವರ್ತನ, ನಕ್ಷತ್ರ ನಿಧಾನವಾಗುವ ವೇಗ ಇವನ್ನೆಲ್ಲ ಬದಲಿಸುತ್ತ ಪ್ರತಿ ಜೋಡಣೆಗೂ ಹೊಸದಾಗಿ ಲೆಕ್ಕ ಹಾಕಬೇಕು. ದಾಖಲೆ ಉದ್ದವಾದಂತೆ ಲೆಕ್ಕ ಅನೇಕ ಪಟ್ಟು ಬೆಳೆಯುತ್ತದೆ. ಇಲ್ಲಿ ಎಷ್ಟು ಕ್ಷೀಣ ಅಲೆಯನ್ನು ಗುರುತಿಸಬಲ್ಲೆವು ಎಂಬುದನ್ನು ತೀರ್ಮಾನಿಸುವುದೇ ಕೈಯಲ್ಲಿರುವ ಗಣನ ಶಕ್ತಿ. ಅಂಥ ಅಲೆ ಇದುವರೆಗೆ ಸಿಕ್ಕಿಲ್ಲ. ಆದರೆ ಪ್ರತಿ ಹುಡುಕಾಟವೂ ‘ಇಷ್ಟಕ್ಕಿಂತ ಬಲವಾದದ್ದು ಇಲ್ಲ’ ಎಂಬ ಮಿತಿಯನ್ನು ಪ್ರಬಂಧವಾಗಿ ಮುಂದಿಟ್ಟಿದೆ. ಅದೇ ಯಂತ್ರಗಳು ರೇಡಿಯೋ, ಗಾಮಾ ದಾಖಲೆಗಳನ್ನು ಜಾಲಾಡಿ ಹತ್ತಾರು ಹೊಸ ಪಲ್ಸಾರುಗಳನ್ನು, ಅಂದರೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರಗಳನ್ನು, ಕಂಡುಹಿಡಿದಿವೆ. ಮೊದಲನೆಯದು 2010ರಲ್ಲಿ ಅಮೆರಿಕದ ಅಯೋವಾದ ದಂಪತಿ ಮತ್ತು ಜರ್ಮನಿಯ ಒಬ್ಬರು ಓಡಿಸುತ್ತಿದ್ದ ಕಂಪ್ಯೂಟರುಗಳಲ್ಲಿ ಸಿಕ್ಕಿತು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ 2,600 ಕೋಟಿ ರೂಪಾಯಿಯ ಲೈಗೋ ಇಂಡಿಯಾಕ್ಕೆ 2023ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಕೆಲಸ ಶುರುಮಾಡಿದ ದಿನ ದಾಖಲೆ ಇನ್ನೂ ಹೆಚ್ಚುತ್ತದೆ, ಲೆಕ್ಕದ ಹಸಿವೂ.

ಎರಡನೆಯದು ಆಕ್ಸ್‌ಫರ್ಡಿನಿಂದ 2003ರಲ್ಲಿ ಹೊರಟ ‘ಕ್ಲೈಮೇಟ್ ಪ್ರಿಡಿಕ್ಷನ್’. ಹವಾಮಾನದ ಒಂದೇ ಮಾದರಿಯನ್ನು ತುಸುತುಸು ಬದಲಿಸಿ ಸಾವಿರಾರು ಸಲ ಓಡಿಸುವುದು ಅದರ ಕೆಲಸ. ಇಂಗಾಲದ ಡೈ ಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಕಾಯಬಹುದು ಎಂಬುದಕ್ಕೆ 2 ಡಿಗ್ರಿಗಿಂತ ಕಡಿಮೆಯಿಂದ 11 ಡಿಗ್ರಿಗೂ ಮೀರಿದ ಉತ್ತರಗಳು ಸಾಧ್ಯವೆಂದು ಅದು 2005ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿತು. ಅದೇ ವರ್ಷ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು, ಕೊಲಾಬಾದಲ್ಲಿ 73. ಈ ಎರಡು ಜಾಗಗಳ ನಡುವಿನ ಅಂತರವನ್ನು ಆ ಮಾದರಿಗಳ ಕಣ್ಣು ಕಾಣಲಾರದು, ಅವುಗಳ ಚೌಕಗಳು ಅದಕ್ಕಿಂತ ದೊಡ್ಡವು. ಮುಂದಿನ ಜುಲೈ 26 ಯಾವಾಗ ಎಂದು ಅದು ಹೇಳುತ್ತದೆಂದು ಯಾರೂ ನಂಬಬಾರದು. ಒಂದು ಪ್ರದೇಶದಲ್ಲಿ ಅಪರೂಪದ ಮಳೆ, ಅಪರೂಪದ ಸೆಕೆ ಮೊದಲಿಗಿಂತ ಎಷ್ಟು ಪಟ್ಟು ಸಂಭವನೀಯವಾಗಿದೆ ಎಂಬುದನ್ನು ಮಾತ್ರ ಅದು ಹೇಳಬಲ್ಲದು. ನೂರು ವರ್ಷಕ್ಕೊಮ್ಮೆ ಬರುವುದನ್ನು ಎಣಿಸಬೇಕಾದರೆ ಸಾವಿರಾರು ವರ್ಷಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡದೆ ದಾರಿಯಿಲ್ಲ. ಒಂದರ ಲೆಕ್ಕ ಇನ್ನೊಂದನ್ನು ಕಾಯದ ಇಂಥ ಕೆಲಸ ಊರೂರಿಗೆ ಹಂಚಿಹೋದ ಯಂತ್ರಗಳಿಗೆ ಹೇಳಿ ಮಾಡಿಸಿದಂತಿದೆ.

ಮೂಲವಿಜ್ಞಾನದ ಫಲ ಮೊದಲೇ ಗೊತ್ತಾಗುವುದಿಲ್ಲ, ಆದ್ದರಿಂದ ದಾನಿ ತೂಗಿ ನೋಡುವುದೇ ತಪ್ಪು ಎಂದು ವಾದಿಸುವವರಿದ್ದಾರೆ. ಫಲವನ್ನು ತೂಗಿ ಎಂದು ನಾನು ಹೇಳುತ್ತಿಲ್ಲ. ನ್ಯೂಟ್ರಾನ್ ನಕ್ಷತ್ರದ ಉಬ್ಬಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಲೆಕ್ಕ ಬೇಕಿದೆಯೋ, ಬಂದ ಉತ್ತರವನ್ನು ಯಾರಾದರೂ ಬಳಸುತ್ತಿದ್ದಾರೋ ಎಂಬುದು ಭವಿಷ್ಯದ ಪ್ರಶ್ನೆಯಲ್ಲ, ಇವತ್ತೇ ಪರಿಶೀಲಿಸಬಹುದಾದದ್ದು. ಐರೋಲಿ, ಮಹಾಪೆಗಳಲ್ಲಿ ಡೇಟಾ ಸೆಂಟರುಗಳು ಮೆಗಾವ್ಯಾಟುಗಟ್ಟಲೆ ನುಂಗುತ್ತಿರುವಾಗ ಮನೆಯ 100 ವ್ಯಾಟಿನ ಲೆಕ್ಕವೇಕೆ ಎಂಬ ಇನ್ನೊಂದು ವಾದಕ್ಕೆ ಉತ್ತರ ಸುಲಭ: ಅವರ ಬಿಲ್ಲು ಅವರು ಕಟ್ಟುತ್ತಾರೆ, ಧರ್ಮಕಾರ್ಯವೆಂದು ಹೇಳಿಕೊಳ್ಳುವುದಿಲ್ಲ. ಮೇಲಾಗಿ ಒಂದೇ ಲೆಕ್ಕಕ್ಕೆ ಅವರ ಹೊಸ ಯಂತ್ರಕ್ಕಿಂತ ನಮ್ಮ ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪ್ ಹೆಚ್ಚು ವಿದ್ಯುತ್ತು ತಿನ್ನುತ್ತದೆ. ಅಪರಿಚಿತ ಯಂತ್ರಗಳ ಉತ್ತರವನ್ನು ನಂಬಲಾಗದೆ ಅನೇಕ ಯೋಜನೆಗಳು ಒಂದೇ ತುಂಡನ್ನು ಇಬ್ಬರಿಗೆ ಕೊಟ್ಟು ತಾಳೆ ನೋಡುತ್ತವೆ. ಅಲ್ಲಿಗೆ ಖರ್ಚು ಇಮ್ಮಡಿ.

ವಿದ್ಯುತ್ತು ಸುಡದೆಯೂ ವಿಜ್ಞಾನಕ್ಕೆ ಕೊಡಬಹುದಾದದ್ದು ಮುಂಬೈಯಲ್ಲೇ ಇದೆ. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿರುವ ಅದೇ ಕಲಿನಾ ಆವರಣದಲ್ಲಿ ಪರಮಾಣು ಶಕ್ತಿ ಇಲಾಖೆಯ ಸಹಯೋಗದ ಮೂಲವಿಜ್ಞಾನ ಕೇಂದ್ರವೊಂದಿದೆ. ಅಲ್ಲಿನ ಖಗೋಳವಿಜ್ಞಾನಿ ಆನಂದ ಹೋತಾ 2013ರಲ್ಲಿ ಶುರುಮಾಡಿದ ‘ರ್‍ಯಾಡ್ ಅಟ್ ಹೋಮ್’ ಕೇಳುವುದು ಪ್ರೊಸೆಸರನ್ನಲ್ಲ, ಕಣ್ಣನ್ನು. ಪುಣೆ ಜಿಲ್ಲೆಯ ಖೋಡದದಲ್ಲಿ 45 ಮೀಟರಿನ 30 ತಟ್ಟೆಗಳ ಜಿ.ಎಂ.ಆರ್.ಟಿ. ರೇಡಿಯೋ ದೂರದರ್ಶಕ ತೆಗೆದ ಆಕಾಶದ ಚಿತ್ರಗಳನ್ನು ತರಬೇತಿ ಪಡೆದ ವಿದ್ಯಾರ್ಥಿಗಳೂ ಪದವೀಧರರೂ ಕೂತು ನೋಡುತ್ತಾರೆ, ವಿಚಿತ್ರವಾದದ್ದನ್ನು ಹೆಕ್ಕುತ್ತಾರೆ. ಒಂದು ಗೆಲಾಕ್ಸಿಯಿಂದ ಚಿಮ್ಮಿದ ಧಾರೆ ಪಕ್ಕದ ಗೆಲಾಕ್ಸಿಗೆ ಬಡಿಯುವ ‘ರ್‍ಯಾಡ್12’ ಎಂಬ ಅಪರೂಪದ ಜೋಡಿಯ ವಿವರ 2022ರಲ್ಲಿ ಬ್ರಿಟನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದದ್ದು ಈ ಬಳಗದಿಂದ. ನೋಡುವ ಕಣ್ಣು ಸಾಲದೇ ಇರುವುದು ಅಲ್ಲಿನ ಅಡ್ಡಿ. ಅದನ್ನೇ ಅವರು ಕೇಳಿದರು. ನಿದ್ದೆಯಲ್ಲಿರುವಾಗ ಯಂತ್ರ ಗಳಿಸಿಕೊಡುವ ಪುಣ್ಯಕ್ಕಿಂತ ಎಚ್ಚರವಾಗಿ ಕೂತ ಅರ್ಧ ಗಂಟೆಗೆ ಬೆಲೆ ಹೆಚ್ಚು.

ಕಂಪ್ಯೂಟರನ್ನೇ ಕೊಡುತ್ತೇನೆನ್ನುವವರು ಹೆಸರು ಕೊಡುವ ಮೊದಲು ಆ ಯೋಜನೆಯ ಪ್ರಕಟಣೆಗಳ ಪಟ್ಟಿ ತೆಗೆದು ಕೊನೆಯ ಪ್ರಬಂಧ ಯಾವ ವರ್ಷದ್ದೆಂದು ನೋಡಿ. ಮೂರು ವರ್ಷಕ್ಕಿಂತ ಹಳೆಯದಾಗಿದ್ದರೆ, ಅಥವಾ ಫಲಿತಾಂಶ ಎಲ್ಲರಿಗೂ ತೆರೆದಿಲ್ಲವಾದರೆ, ಮುಂದೆ ಹೋಗಿ. ನಿಮ್ಮ ಕೆಲಸಕ್ಕೆ ಯಂತ್ರ ಹೇಗೂ ಓಡುತ್ತಿರುವಾಗ ಮಾತ್ರ, ಅರ್ಧ ವೇಗಕ್ಕೆ ಕಟ್ಟುಹಾಕಿ ಕೊಡಿ. ಕಚೇರಿಯ ಕಂಪ್ಯೂಟರಾದರೆ ಬಿಲ್ಲು ಕಟ್ಟುವವರನ್ನು ಕೇಳದೆ ಕೊಡಬೇಡಿ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಯಾರಿಗೂ ಕೊಡಬೇಡಿ.